‘ಪಾಡ್ಯೆ’ ಎಂದರೆ ಯಾರು ಹಾಕಿದ್ದು?

ಮಾನ್ಯ ಆರೋಗ್ಯ ಇಲಾಖೆಯ ಮೇಲಧಿಕಾರಿಗಳೇ,

‘ಶುಶ್ರೂಷಾಧಿಕಾರಿಗಳು ನ್ಯಾಯಾಲಯದ ವಿಚಾರಗಳಲ್ಲಿ ಅನಗತ್ಯ ಆಸಕ್ತಿ ತೋರತಕ್ಕದ್ದಲ್ಲ’ ಎಂಬ ತಮ್ಮ ಒಂದು ಸಾಲಿನ ಉತ್ತರ ತಲುಪಿತು. ನಾನು ಕೇಳಿದ್ದೂ ಒಂದೇ ಸಾಲು. ಮೋಹಿನಿ ಎಂಬ ಹೆಂಗಸು ಸುಟ್ಟ ಬೆನ್ನಿನೊಂದಿಗೆ ನಮ್ಮ ಆಸ್ಪತ್ರೆಗೆ ಬಂದಾಗ ತುರ್ತು ವಿಭಾಗದಲ್ಲಿ ಕರ್ತವ್ಯದಲ್ಲಿದ್ದ ನರ್ಸ್ ನಾನೇ ಎಂದು ಬರೆದುಕೊಡಿ ಅಂತ. ಅಷ್ಟು ಬರೆಯಲು ತಮಗೆ ಮನಸ್ಸಾಗಲಿಲ್ಲ. ಬರುವ ಗುರುವಾರ ಅವಳ ಮೊಕದ್ದಮೆಯ ವಿಚಾರಣೆ ಉಂಟು. ಆದ್ದರಿಂದ ಅವಳ ಒಪ್ಪಿಗೆ ಪಡೆದು, ಊರೆಲ್ಲ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಬೆಳ್ತಂಗಡಿ ಕಡೆಯ ಗುಡ್ಡದ ಊರಿನಿಂದ ಮೋಹಿನಿಯನ್ನು ರಿಕ್ಷಾದಲ್ಲಿ ತಂದರು. ಕುಪ್ಪಸ ಬೆನ್ನಿಗೆ ಅಂಟಿತ್ತು. ನಾನು ಕತ್ತರಿ ಹಿಡಿದು ಮೆಲ್ಲಗೆ ಬಿಡಿಸುತ್ತಿದ್ದೆ. ಏನಾಯಿತೆಂದು ಡಾಕ್ಟರು ಕೇಳಿದರು. ಅವಳು ತುಳುವಿನಲ್ಲಿ, “ಬೆರಿಕ್ ಬೆಚ್ಚ ನೀರ್ ಪಾಡ್ಯೆ” ಅಂದಳು. ಬೆನ್ನಿಗೆ ಬಿಸಿನೀರು ಹಾಕಿದ ಎಂದು. ಯಾರು ಎಂದು ನಾನು ಬಗ್ಗಿ ಕೇಳಿದೆ. ಗಂಡನ ತಮ್ಮನ ಹೆಸರು ಹೇಳಿದಳು. ಅಷ್ಟರಲ್ಲಿ ಬಂಟ್ವಾಳ ರಸ್ತೆಯ ಅಪಘಾತದವರನ್ನು ತಂದರು, ಡಾಕ್ಟರು ಆ ಕಡೆ ಓಡಿದರು. ಓಡುವ ಮೊದಲು ‘ಸ್ವತಃ ಬಿಸಿನೀರು ಹಾಕಿಕೊಂಡಿದ್ದಾರೆ’ ಎಂದು ಬರೆದಾಗಿತ್ತು.

ಡಾಕ್ಟರು ಕೆಟ್ಟವರಲ್ಲ. ಘಟ್ಟದ ಮೇಲಿನ ಹುಡುಗ, ರಾಯಚೂರು ಕಡೆಯವರು. ಇಲ್ಲಿಗೆ ಬಂದ ಮೇಲೆ ಪ್ರೀತಿಯಿಂದ ನಾಲ್ಕು ತುಳು ಮಾತು ಕಲಿತಿದ್ದರು, ಎಡವಟ್ಟಾದದ್ದೇ ಅಲ್ಲಿ. ಕೈ ಖಾಲಿಯಾದ ಮೇಲೆ, “ಡಾಕ್ಟ್ರೇ, ಅವಳು ಹಾಕಿಕೊಂಡದ್ದಲ್ಲ, ಅವನು ಹಾಕಿದ್ದು” ಅಂದೆ.

“ಅಲ್ರೀ ಸಿಸ್ಟರ್, ನಿನ್ನೆ ಸಾರಿಗೆ ನೀವು ‘ಉಪ್ಪು ಪಾಡ್ಯೆ’ ಅಂದ್ರಿ. ಅದು ನೀವ ಹಾಕಿದ್ದಲ್ಲೇನು?”

“ಅದು ಬೇರೆ ಪಾಡ್ಯೆ, ಇದು ಬೇರೆ ಪಾಡ್ಯೆ ಮಾರಾಯ್ರೆ!”

ಅವರು ನಕ್ಕುಬಿಟ್ಟರು, ಬರೆದ ಸಾಲು ಹಾಗೆಯೇ ಉಳಿಯಿತು. ತಾವೂ ಈಗ ನಗುತ್ತಿರಬಹುದು. ಆದರೆ ತುಳು ಮಾತಾಡುವ ಯಾವ ಮಗುವನ್ನಾದರೂ ಕೇಳಿ. ‘ನಾನು ಹಾಕಿದೆ’ ಎನ್ನುವಾಗ ಕೊನೆಯ ಸ್ವರಕ್ಕೆ ಬಾಯಿ ಅಗಲವಾಗುತ್ತದೆ, ‘ಅವನು ಹಾಕಿದ’ ಎನ್ನುವಾಗ ಕಿರಿದಾಗುತ್ತದೆ. ಕಿವಿಗೆ ಎರಡೂ ಬೇರೆ ಬೇರೆ. ಕನ್ನಡ ಅಕ್ಷರದಲ್ಲಿ ಬರೆದರೆ ಎರಡೂ ‘ಪಾಡ್ಯೆ’. ಆ ಒಂದು ಸ್ವರ ಕೇಳಿಸಿಕೊಂಡವಳು ನಾನು, ಬರೆಯುವ ಅಧಿಕಾರ ಇದ್ದದ್ದು ಅವರಿಗೆ. ನಮ್ಮನ್ನು ದಾದಿ ಎನ್ನಬಾರದೆಂದು ಶುಶ್ರೂಷಾಧಿಕಾರಿ ಎಂಬ ಉದ್ದದ ಹೆಸರು ಕೊಟ್ಟಿರಲ್ಲ, ಅದರೊಳಗಿನ ಅಧಿಕಾರಿಗೆ ಯಾವ ಅಧಿಕಾರ ಉಂಟು ಸ್ವಾಮೀ? ‘ನಾನು ಕೇಳಿದ್ದು ಹೀಗಲ್ಲ’ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಲಿಕ್ಕಾದರೂ ಉಂಟಾ?

ಆರೋಪಿಯ ವಕೀಲರು ಈಗ ಅದೇ ಸಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಸ್ನಾನ ಮಾಡುವಾಗ ಹಂಡೆಯ ನೀರು ಅವಳೇ ಸುರಿದುಕೊಂಡಳಂತೆ, ಮೈದುನನ ಹೆಸರು ತವರಿನವರು ಆಮೇಲೆ ಹೇಳಿಕೊಟ್ಟದ್ದಂತೆ. ಅಯ್ಯೋ ದೇವರೇ! ಕುಪ್ಪಸ ಹಾಕಿಕೊಂಡು ಯಾರು ಬೆನ್ನಿಗೆ ನೀರು ಹೊಯ್ದುಕೊಳ್ಳುತ್ತಾರೆ? ಇದನ್ನು ಕೇಳಲು ಕಾನೂನು ಓದಬೇಕಾಗಿಲ್ಲ, ಒಮ್ಮೆ ಸ್ನಾನ ಮಾಡಿದ್ದರೆ ಸಾಕು. ಆದರೆ ಆ ಕುಪ್ಪಸ ಎಲ್ಲಿ? ನಾನು ಒಂದು ವರ್ಷ ಫೊರೆನ್ಸಿಕ್ ನರ್ಸಿಂಗ್ ಓದಿದವಳು. ಗಾಯ, ಬಟ್ಟೆ, ರೋಗಿ ಮೊದಲು ಆಡಿದ ಮಾತು ಇವನ್ನು ನ್ಯಾಯಾಲಯದವರೆಗೆ ಕೆಡದಂತೆ ಮುಟ್ಟಿಸುವ ವಿದ್ಯೆ ಅದು. ಓದಿದ ಪ್ರಕಾರ ಕುಪ್ಪಸವನ್ನು ಕಾಗದದ ಚೀಲಕ್ಕೆ ಹಾಕಿ, ಹೆಸರು ಬರೆದು ಕಪಾಟಿನಲ್ಲಿಟ್ಟು ಮನೆಗೆ ಹೋದೆ. ಮರುದಿನ ಬಂದು ನೋಡಿದರೆ ಅದು ಹಳದಿ ಚೀಲದ ಕಸದ ಜೊತೆ ಸುಡಲು ಹೋಗಿತ್ತು. ಕೂಗಾಡಿದೆ. “ಇಟ್ಟುಕೊಳ್ಳಲು ನಿಮಗೆ ಹೇಳಿದ್ದು ಯಾರು?” ಎಂದು ಆಸ್ಪತ್ರೆಯವರು ನನ್ನನ್ನೇ ಕೇಳಿದರು. ಯಾರೂ ಹೇಳಿರಲಿಲ್ಲ, ನಿಜ. ಹಾಗೆ ಹೇಳುವ ಹುದ್ದೆಯೇ ನಮ್ಮಲ್ಲಿಲ್ಲ.

ನರ್ಸಿಗೆ ಕಾನೂನಿನಲ್ಲಿ ಏನು ಕೆಲಸ ಎಂದು ತಮ್ಮ ಕಚೇರಿಯಲ್ಲಿ ಒಬ್ಬರು ಮುಖದ ಮೇಲೆಯೇ ಕೇಳಿದ್ದರು. ಮೂಡಬಿದ್ರೆಯ ಒಬ್ಬ ವಕೀಲರಿಗೆ ಆ ಸಂಶಯ ಇಲ್ಲ. ಅಪಘಾತದ ಪರಿಹಾರ, ಆಸ್ಪತ್ರೆಯ ನಿರ್ಲಕ್ಷ್ಯ, ಇಂಥ ಮೊಕದ್ದಮೆ ಬಂದಾಗಲೆಲ್ಲ, “ಸಿಸ್ಟರೇ, ಈ ಕೇಸ್ ಶೀಟಿನಲ್ಲಿ ಏನುಂಟು ಅಂತ ಸ್ವಲ್ಪ ನೋಡಿ ಹೇಳುವ” ಎಂದು ನನ್ನ ರಜೆಯ ದಿನವೇ ಬರುತ್ತಾರೆ. ಯಾವ ಮದ್ದು ತಡವಾಯಿತು, ಯಾವ ಗಾಯ ಹಳೆಯದು ಎಂದು ಗುರುತು ಹಾಕಿ ಕೊಡುತ್ತೇನೆ. ಹೋಗುವಾಗ ಹಲಸಿನ ಹಪ್ಪಳದ ಕಟ್ಟು ಇಟ್ಟು ಹೋಗುತ್ತಾರೆ. ಹಪ್ಪಳಕ್ಕೆ ನಡೆಯುವ ಈ ಕೆಲಸಕ್ಕೆ ಒಂದು ಹೆಸರು, ಒಂದು ಕುರ್ಚಿ, ಬರೆದು ಸಹಿ ಹಾಕುವ ಹಕ್ಕು ಕೊಟ್ಟರೆ ಇಲಾಖೆಯ ಗಂಟೇನು ಹೋಗುತ್ತದೆ? ಹಲ್ಲೆಗೊಳಗಾದ ಹೆಂಗಸರ, ಮಕ್ಕಳ ಮೈಮೇಲಿನ ಗುರುತು ದಾಖಲಿಸಲು ಒಬ್ಬಳು, ಅವರ ಭಾಷೆಯಲ್ಲೇ ಕೇಳಿ ಬರೆದುಕೊಳ್ಳಲು ಒಬ್ಬಳು, ಕಟಕಟೆಯಲ್ಲಿ ನಿಂತು ಅದನ್ನು ವಿವರಿಸಲು ಒಬ್ಬಳು. ಮೂವರು ಬೇಡ, ಈ ಮೂರನ್ನೂ ಒಬ್ಬಳೇ ಮಾಡುತ್ತಾಳೆ. ನಾವು ನರ್ಸುಗಳು ಯಾವಾಗ ಒಂದೇ ಕೆಲಸ ಮಾಡಿದ್ದೇವೆ ಹೇಳಿ?

ಕಳೆದ ವಾರ ಮೋಹಿನಿಯ ತಾಯಿ ಪೂವಮ್ಮ ಮಗಳನ್ನು ಕರೆದುಕೊಂಡು ಮಡಂತ್ಯಾರಿನ ನಮ್ಮ ಮನೆಗೆ ಬಂದಿದ್ದರು. “ಸಿಸ್ಟರೇ, ಆಸ್ಪತ್ರೆಯವರೇ ಬರೆದಿದ್ದಾರಂತಲ್ಲ. ಕೇಸ್ ಬಿದ್ದುಹೋದ್ರೆ ಇವಳನ್ನು ಪುನಃ ಆ ಮನೆಗೇ ಕಳಿಸಬೇಕು ಅಂತ ದೊಡ್ಡವರು ಹೇಳ್ತಾರೆ. ಅವನು ಅಲ್ಲೇ ಇದ್ದಾನೆ. ನಾನು ಏನು ಮಾಡುವುದು?” ಅಂದರು. ಮೋಹಿನಿ ಕುರ್ಚಿಗೆ ಬೆನ್ನು ತಾಗಿಸದೆ ಕೂತಿದ್ದಳು. ಹೊರಡುವಾಗ ಒಂದೇ ಮಾತು ಕೇಳಿದಳು, “ನಾನು ಆ ದಿನ ಕನ್ನಡದಲ್ಲಿ ಬೊಬ್ಬೆ ಹೊಡೀಬೇಕಿತ್ತಾ ಸಿಸ್ಟರೇ?”

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಂಜೆಕ್ಷನ್ ಕೊಡುವಾಗಲೂ ಅದೇ ಮಾತು ಕಿವಿಯಲ್ಲಿ. ತಮ್ಮ ಭಾಷೆಯಲ್ಲಿ ಹೇಳಿದರೆ, ಅನಗತ್ಯ ಆಸಕ್ತಿ.

ನ್ಯಾಯಾಲಯ ಕರೆದರೆ ಹೋಗಲು ತಮ್ಮ ಅಪ್ಪಣೆ ಬೇಡವೆಂದು ನನಗೂ ಗೊತ್ತುಂಟು. ಆದರೆ ಕರೆಯಲು ದಾಖಲೆಯಲ್ಲಿ ನನ್ನ ಹೆಸರೇ ಇಲ್ಲ. ನಾನು ಅಲ್ಲಿದ್ದೆ ಎಂದು ಆಸ್ಪತ್ರೆ ಬರೆದುಕೊಟ್ಟರೆ ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕುತ್ತೇನೆಂದು ಸರ್ಕಾರಿ ವಕೀಲರು ಹೇಳಿದ್ದಾರೆ. ಆ ಸಾಲನ್ನು ಬುಧವಾರದೊಳಗೆ ಕೊಡಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಆಸ್ಪತ್ರೆಗಳಿಗೆ ಒಬ್ಬೊಬ್ಬ ಫೊರೆನ್ಸಿಕ್ ನರ್ಸನ್ನು ನೇಮಿಸುವ ವಿಚಾರವನ್ನು ಆಮೇಲೆ ನಿಧಾನವಾಗಿ ಚರ್ಚಿಸಿ, ನಿಧಾನ ತಮಗೆ ಹೊಸದಲ್ಲ. ಸಾಲು ಬಾರದಿದ್ದರೂ ಗುರುವಾರ ನಾನು ರಜೆ ಹಾಕಿ ನ್ಯಾಯಾಲಯದ ಜಗಲಿಯಲ್ಲಿ ಮೋಹಿನಿಯ ಪಕ್ಕ ನಿಲ್ಲುತ್ತೇನೆ. ಯಾರಾದರೂ ನನ್ನನ್ನು ಒಳಗೆ ಕರೆದರೆ ಅವಳ ಆ ಮಾತನ್ನು ಅವಳ ಹಾಗೆಯೇ, ಬಾಯಿ ಕಿರಿದು ಮಾಡಿ ಹೇಳಿ ತೋರಿಸುತ್ತೇನೆ. ಅದನ್ನು ಬರೆದುಕೊಳ್ಳಲು ಬರುವುದಿಲ್ಲ, ಒಬ್ಬರಾದರೂ ಕೇಳಿಸಿಕೊಳ್ಳಬೇಕು.

ಇಂತಿ,
ಅನಗತ್ಯ ಆಸಕ್ತಿಯ, ಅಧಿಕಾರವಿಲ್ಲದ ಅಧಿಕಾರಿ
ಶಶಿಪ್ರಭಾ, ಮಡಂತ್ಯಾರು