ಇಟ್ಟ ಕಾಯಿ ಎತ್ತುವಂತಿಲ್ಲ

ಮೊದಲ ಕಟ್ಟೆ, ಇಪ್ಪತ್ತೆರಡನೆಯ ಗರದ ವರ್ಷ, ಬೆಳಕಿಳಿಯುವ ತಿಂಗಳು

ಆಟ ಕಟ್ಟಿದವರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಆಟದ ಪೆಟ್ಟಿಗೆಯ ಮುಚ್ಚಳದಲ್ಲಿ ಅದು ಅಚ್ಚಾಗಿದ್ದ ಮೂಲೆಯನ್ನು ಹಿಂದೆ ಯಾವುದೋ ಮಗು ಚೀಪಿ ಹಾಕಿದೆ. ಮೇಲಿನ ತೇದಿ ನಿಮಗೆ ಅರ್ಥವಾಗಲಿಕ್ಕಿಲ್ಲ, ಕ್ಷಮಿಸಿ. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರ ಕಾಣಬಹುದು. ಕಾಲೇಜಿನಲ್ಲಿ ನಾನು ಹಳೆಯ ಕನ್ನಡ ಓದಿದವಳು, ಅಂದರೆ ನಿಮ್ಮ ಕನ್ನಡ. ಆದರೂ ಎಷ್ಟೋ ದಿನಗಳಿಂದ ಕಣ್ಣು ಮುಚ್ಚಿಲ್ಲ; ತಪ್ಪಿದ್ದರೆ ತಿದ್ದಿಕೊಳ್ಳಿ. ಇದು ಹಿಂದೋಲೆ. ಕಳೆದ ಕಾಲಕ್ಕೆ ಬಿಡುವ ಓಲೆಗೆ ನಾವು ಹಾಗೆನ್ನುತ್ತೇವೆ. ಬಿಟ್ಟದ್ದು ಮುಟ್ಟುತ್ತದೋ ಇಲ್ಲವೋ ಯಾರಿಗೂ ತಿಳಿಯದು, ಏಕೆಂದರೆ ಸತ್ತವರು ಉತ್ತರ ಬರೆಯುವುದಿಲ್ಲ.

ನೀವು ಈಗ ಕಟ್ಟುತ್ತಿರುವ ಆಟ ನಮ್ಮಲ್ಲಿದೆ. ದಾಳ ಉರುಳಿಸುವುದು, ಬಿದ್ದ ಗರದಂತೆ ಗ್ರಹಗಳ ಮೇಲೆ ಕಾಯಿ ಇಡುತ್ತ ಹೋಗುವುದು, ಹೆಚ್ಚು ಗ್ರಹ ಹಿಡಿದವರ ಸಾಮ್ರಾಜ್ಯ ಗೆದ್ದಂತೆ. ನಮ್ಮ ಹಿರಿಯರು ಭೂಮಿ ಬಿಟ್ಟಾಗ ದಾರಿಯ ಬೇಸರ ಕಳೆಯಲು ಅದನ್ನು ತಂದರಂತೆ. ಬಂದವರು ಈ ಬಂಡೆಯನ್ನು ಕೊರೆದು ಒಳಗೆ ಮನೆ ಮಾಡಿದರು. ಆಟದಲ್ಲಿ ಕಟ್ಟೆಗೆ ಸೇರಿದ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲವಲ್ಲ, ಆ ಧೈರ್ಯಕ್ಕೆ ಊರಿಗೂ ಕಟ್ಟೆ ಎಂದೇ ಹೆಸರಿಟ್ಟರು. ಮುಂದೆ ಎರಡನೆಯ ಕಟ್ಟೆ ಬೇಕಾಯಿತು. ಅಲ್ಲಿಗೆ ಹೋಗುವವರು ಯಾರು ಎಂದು ಹೊಡೆದಾಟವಾಯಿತು. ಆಗ ಒಬ್ಬ ಹಿರಿಯರು, ದಾಳಕ್ಕೆ ಬಂಧು ಬಳಗ ಇಲ್ಲ, ಅದೇ ಹೇಳಲಿ ಎಂದರಂತೆ. ಅಂದಿಗೆ ಅದು ನ್ಯಾಯವೇ ಆಗಿತ್ತು.

ಈಗ ಹೆಸರಿಟ್ಟ ಪ್ರತಿಯೊಬ್ಬರಿಗೂ ಹಲಗೆಯ ಮೇಲೆ ಒಂದು ಕಾಯಿ ಇದೆ. ವರ್ಷಕ್ಕೊಮ್ಮೆ ಗರದಯ್ಯ, ಅಂದರೆ ದಾಳ ಹಾಕುವ ಹಿರಿಯ, ಎಲ್ಲರ ಎದುರು ಗರ ಹಾಕುತ್ತಾರೆ. ಎಣಿಕೆ ಯಾರ ಕಾಯಿಯ ಮೇಲೆ ನಿಂತಿತೋ ಅವರು ಹೊಸ ಕಟ್ಟೆಗೆ ಹೋಗಬೇಕು. ಒಂದು ಗರಕ್ಕೆ ಒಂದೇ ಕಾಯಿ. ಅವರ ಹಿಂದೆ ಗಂಡ ಹೋಗುವಂತಿಲ್ಲ, ತಾಯಿ ಹೋಗುವಂತಿಲ್ಲ. ಹೋದವರು ತಿರುಗಿ ಬರುವಂತಿಲ್ಲ. ನಿಮ್ಮ ನಿಯಮದ ಹಾಳೆಯ ಕೊನೆಯ ಸಾಲು ಹಾಗೆ ಹೇಳುತ್ತದೆ ಎಂದು ನಾವು ನಂಬಿದ್ದೇವೆ: ಇಟ್ಟ ಕಾಯಿ ಎತ್ತುವಂತಿಲ್ಲ. ಪಕ್ಕದ ಮನೆಯ ನೀಲಾಂಬಿಕೆಯ ಮಗ ಹೋದಾಗ ಇನ್ನೂ ತೊದಲು ಮಾತು. ಗಾಡಿಯಲ್ಲಿ ಅವನ ಪಕ್ಕದ ಸೀಟು ಖಾಲಿ ಇತ್ತು. ಅವನನ್ನು ಬಿಟ್ಟು ಆ ಗಾಡಿ ತಿರುಗಿ ಬಂದಾಗ ಎಲ್ಲ ಸೀಟೂ ಖಾಲಿ ಇದ್ದವು. ನೀಲಾಂಬಿಕೆ ಇವತ್ತಿಗೂ ಅವನ ಪಾಲಿನ ರೊಟ್ಟಿ ತಟ್ಟುತ್ತಾಳೆ, ತಟ್ಟಿದ ಮೇಲೆ ನೆನಪಾಗಿ ನಮ್ಮ ಮನೆಗೆ ಕೊಟ್ಟು ಹೋಗುತ್ತಾಳೆ.

ನನಗೊಬ್ಬಳು ಮಗಳಿದ್ದಾಳೆ. ಹೆಸರಿಟ್ಟಿಲ್ಲ, ಕೂಸು ಎನ್ನುತ್ತೇವೆ. ನಮ್ಮಲ್ಲಿ ಮೊದಲ ಹಲ್ಲು ಮೂಡಿದಾಗ ಹೆಸರಿಡುವುದು ಪದ್ಧತಿ, ಹೆಸರಿಟ್ಟ ದಿನವೇ ಕಾಯಿ ಹಲಗೆಗೆ ಏರುತ್ತದೆ. ನನ್ನ ಗಂಡ ಬಸವಂತ ಗಾಳಿಕೊಳವೆಗಳನ್ನು ತೊಳೆಯುವ ಕೆಲಸದವನು, ಬಹಳ ಒಳ್ಳೆಯವನು. ಒಡೆದ ಕೊಳವೆಯ ಚೂರಿನಿಂದ ಮಗಳಿಗೆ ಕಾಯಿ ಕೆತ್ತುತ್ತಿದ್ದಾನೆ. ಊಟವಾದ ಮೇಲೆ ಕೂತು ಅದನ್ನು ತಿಕ್ಕಿ ತಿಕ್ಕಿ ಹೊಳಪು ತರುತ್ತಾನೆ, ನಮ್ಮ ಕೂಸಿನದೇ ಎಲ್ಲರಿಗಿಂತ ಚಂದ ಇರಬೇಕು ಎನ್ನುತ್ತಾನೆ. ಇಲ್ಲಿ ಗೋಡೆಗಳು ಸದಾ ಬೆವರುತ್ತವೆ. ತಟ್ಟೆಯಲ್ಲಿ ಬೆಳೆದ ಜೋಳ ಮೊಣಕಾಲು ಎತ್ತರಕ್ಕೆ ಬಂದು ನಿಂತುಬಿಡುತ್ತದೆ, ಮೇಲೆ ಜಾಗವಿಲ್ಲ. ಬಾಗಿಲು ತೆಗೆದರೆ ಇನ್ನೊಂದು ಬಾಗಿಲು, ಅದರಾಚೆ ಗಾಳಿಯೇ ಇಲ್ಲ. ಅವನು ಆ ಕಾಯಿ ತಿಕ್ಕುವ ಸದ್ದು ಕೇಳುತ್ತ ನಾನು ಗೋಡೆಯ ಕಡೆ ತಿರುಗಿ ಮಲಗಿರುತ್ತೇನೆ. ಓಡಿಹೋಗೋಣ ಎಂದರೂ ಎಲ್ಲಿಗೆ?

ಕೂಸಿಗೆ ಹಲ್ಲು ಮೂಡಿದೆ. ಈ ಮಾತನ್ನು ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ. ಕೆಳಗಿನ ವಸಡಿನಲ್ಲಿ ಬಿಳಿಯ ಒಂದು ಅಂಚು, ನಕ್ಕರೆ ಕಾಣುತ್ತದೆ. ಅದಕ್ಕೇ ಯಾರಾದರೂ ಬಂದರೆ ಅವಳನ್ನು ಎದೆಗೆ ಅವುಚಿಕೊಳ್ಳುತ್ತೇನೆ. ಬಸವಂತ ಕೆಲಸದಿಂದ ಬಂದು ಕಚಗುಳಿ ಇಡಲು ಕೈ ಚಾಚಿದರೆ, ನಿದ್ದೆಗಣ್ಣಲ್ಲಿದ್ದಾಳೆ ಎನ್ನುತ್ತೇನೆ. ಅವನ ಮುಖ ಸಪ್ಪಗಾಗುತ್ತದೆ.

ನಿಮ್ಮ ಹಾಳೆಯನ್ನು ನಾನು ಮೊದಲಿನಿಂದ ಓದಿದೆ. ಕೊನೆಯ ಸಾಲಿನ ಮೇಲೆಯೇ ಇನ್ನೊಂದು ಸಾಲಿದೆ: ಗರ ಹಾಕಿದ ಮೇಲೆ ಮನಸ್ಸು ಬದಲಿಸಬಾರದು. ಆಗ ಹೊಳೆಯಿತು. ಇದು ಕಳ್ಳಾಟ ಆಡುವ ಮಕ್ಕಳಿಗೆ ಹೇಳಿದ ಮಾತು. ಕಾಯಿ ಇಟ್ಟು, ಎದುರಿನವರ ಮುಖ ನೋಡಿ, ಇಲ್ಲ ಇಲ್ಲ ಇಲ್ಲಿಡ್ತೀನಿ ಎನ್ನುವ ಮಕ್ಕಳು ನಿಮ್ಮ ಮನೆಯಲ್ಲಿಯೂ ಇದ್ದಿರಬೇಕು. ಅವರ ಜಗಳ ನಿಲ್ಲಿಸಲು ಬರೆದ ಸಾಲನ್ನು ನಾವು ಮನುಷ್ಯರ ಮೇಲೆ ಹೇರಿಕೊಂಡು ಕೂತಿದ್ದೇವೆ.

ಸಭೆಯಲ್ಲಿ ಹೇಳಿದೆ. ಕೆಲವರು ನಕ್ಕರು, ಬಾಣಂತಿಗೆ ತಲೆ ಕೆಟ್ಟಿದೆ, ಸ್ವಲ್ಪ ಮಲಗಿಸಿ ಎಂದು ಯಾರೋ ಬಸವಂತನಿಗೆ ಹೇಳಿದರು. ಗರದಯ್ಯ ಮಾತ್ರ ನಗಲಿಲ್ಲ. ಹಾಳೆಯನ್ನು ನನ್ನ ಮುಂದೆ ಹರಡಿ ಸಮಾಧಾನದಿಂದ ಕೇಳಿದರು.

"ನೀ ಓದಿದಾಕಿ, ತಂಗಿ. ಇದು ಆಟಕ್ಕಷ್ಟ ಅಂತ ಎಲ್ಲಿ ಬರದಾರ? ತೋರಿಸು, ಇವತ್ತ ಗಾಡಿ ಕಳಸಿ ಹೋದವರನ್ನೆಲ್ಲಾ ಕರಸ್ತೀನಿ."

ನಾನು ಹುಡುಕಿದೆ. ಹಾಳೆಯ ಹಿಂಬದಿಯನ್ನೂ ನೋಡಿದೆ. ಎಲ್ಲಿಯೂ ಇರಲಿಲ್ಲ. ಅವರ ಮೊಮ್ಮಗಳೂ ಆಚೆ ಕಟ್ಟೆಯಲ್ಲಿದ್ದಾಳೆ. ನಾನು ಹುಡುಕುವಷ್ಟು ಹೊತ್ತೂ ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.

ನಿನ್ನೆ ಅತ್ತೆ ಶಾಂತವ್ವ ಕೂಸಿಗೆ ಸ್ನಾನ ಮಾಡಿಸುವಾಗ ಬೆರಳು ಬಾಯಿಗೆ ಹೋಯಿತು. ಕೂಸು ಕಚ್ಚಿತು. ಹೆಸರಿಡುವುದು ಯಾವಾಗ ಎಂದು ದಿನಾ ಕಾಡುತ್ತಿದ್ದವರು ಅವರೇ. ಬೆರಳನ್ನು ಸೀರೆಗೆ ಒರೆಸಿಕೊಂಡು ನನ್ನ ಕಡೆ ತಿರುಗದೆಯೇ ಅಂದರು:

"ಜ್ವಾಳದ ನುಚ್ಚು ಅಂಟೇತಿ ವಸಡಿಗೆ. ಯಾರ ಮುಂದೂ ಬಾಯಿ ತಗಸಬ್ಯಾಡ."

ನನ್ನ ಮಗಳು ಇನ್ನೂ ನುಚ್ಚು ತಿಂದಿಲ್ಲ.

ಆಟ ಕಟ್ಟಿದವರೇ, ನಿಮ್ಮ ಆಟ ಕೆಟ್ಟದ್ದು ಎಂದು ನಾನು ದೂರುತ್ತಿಲ್ಲ. ಅದನ್ನು ನಿಲ್ಲಿಸಬೇಡಿ. ಗ್ರಹಗಳ ಬಣ್ಣ ಚೆನ್ನಾಗಿದೆ, ನಮಗೆ ಬೇರೆ ಬಣ್ಣಗಳೇ ಗೊತ್ತಿಲ್ಲ. ಹಾಳೆ ಅಚ್ಚಿಗೆ ಹೋಗುವ ಮೊದಲು ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ, ಅಷ್ಟೇ. ಆಟ ಮುಗಿದ ಮೇಲೆ ಎಲ್ಲ ಕಾಯಿಗಳನ್ನು ಎತ್ತಿ ಪೆಟ್ಟಿಗೆಗೆ ಹಾಕಿ ಎಂದು ಬರೆಯಿರಿ. ಎಲ್ಲರಿಗೂ ಗೊತ್ತಿರುವ ಮಾತಲ್ಲವೇ ಎಂದು ಬಿಟ್ಟುಬಿಡಬೇಡಿ. ನಮಗೆ ಗೊತ್ತಿಲ್ಲ.

ದಿನಾ ಬೆಳಿಗ್ಗೆ ಸಭೆಮನೆಗೆ ಹೋಗಿ ಹಾಳೆಯ ತುದಿಯನ್ನು ನೋಡಿ ಬರುತ್ತೇನೆ. ಈ ಓಲೆ ನಿಮಗೆ ಮುಟ್ಟಿ ಆ ಸಾಲು ಅಲ್ಲಿ ಮೂಡಿದ ದಿನ ಮನೆಗೆ ಓಡಿ ಬಂದು, ಬಸವಂತನ ತೊಡೆಯ ಮೇಲೆ ಕೂಸನ್ನು ಕೂರಿಸಿ, ನಗಿಸು ಎನ್ನುತ್ತೇನೆ.

ಇಂತಿ,
ಕೂಸಿನ ತಾಯಿ ಓಜಸ್ವಿ