ಎಡಬಾಗಿಲ ಬೆಣೆ

ಮನೆಯಿಂದ, ಊಟದ ಮೇಜು
ಸೋಮವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಕ್ಕಾ,

ಈ ಕೆಳಗೆ ಸಹಿ ಮಾಡಿರುವ ನಾನು, ತರ್ಕಶಾಸ್ತ್ರದ ನಿವೃತ್ತ ಮೇಷ್ಟ್ರು, ಹಾಲಿ ಶಾಸಕ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ (ಇದಕ್ಕೆ ನನ್ನವಳ ತಕರಾರಿದೆ) ಒಪ್ಪಿಕೊಳ್ಳುವುದೇನೆಂದರೆ, ಕಳೆದ ವಾರ ನಾನೊಂದು ಕಳ್ಳತನ ಮಾಡಿದೆ. ಕದ್ದ ಮಾಲು ಅಂಗೈಯಗಲದ ಒಂದು ಮರದ ತುಂಡು. ವಿವರ ಆಮೇಲೆ. ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಮಗಳ ಮನೆಯ ಮೆಟ್ಟಿಲುಗಳನ್ನು ಮೊಮ್ಮಗಳನ್ನು ಎತ್ತಿಕೊಂಡು ಹತ್ತಬೇಡ ಅಂದರೆ ಕೇಳುವವಳಲ್ಲ ನೀನು. ಮಗುವಿಗೆ ಹಲ್ಲು ಬಂತಂತೆ, ಸಂತೋಷ, ನನಗೊಂದು ಹೋಯಿತು. ಕುಟುಂಬದ ಒಟ್ಟು ಬಲ ಹಾಗೇ ಉಳಿಯಿತು. ನನ್ನವಳು ಆರೋಗ್ಯವಾಗಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲವಾದ್ದರಿಂದ ಅವಳಿಗೂ ಇಲ್ಲ, ಅಷ್ಟೆ.

ಪೇಪರಿನಲ್ಲಿ ಓದಿರುತ್ತೀಯ. ಬರುವ ಗುರುವಾರ ನಮ್ಮ ಪಕ್ಷ ಸದನದಲ್ಲಿ ಒಂದು ಮಸೂದೆ ತರುತ್ತಿದೆ. ‘ಪರಿಸ್ಥಿತಿ ಸುಧಾರಿಸುವವರೆಗೆ’ ಚುನಾವಣೆ ಬೇಡ ಅನ್ನುವುದು ಅದರ ಸಾರ. ಸುಧಾರಿಸಿತೋ ಇಲ್ಲವೋ ಅಂತ ಹೇಳುವವರು ಯಾರು? ನಾವೇ! ಪರೀಕ್ಷೆಗೆ ಕೂರಬೇಕಾದ ಹುಡುಗನೇ ‘ನಾನು ಓದಿ ಮುಗಿಸಿದ ದಿನ ಪರೀಕ್ಷೆ’ ಅಂದರೆ ಆ ಪರೀಕ್ಷೆ ಯಾವ ಕಾಲಕ್ಕೂ ನಡೆಯುವುದಿಲ್ಲ. ಇದನ್ನು ತಿಳಿಯಲು ತರ್ಕಶಾಸ್ತ್ರ ಬೇಕಾಗಿಲ್ಲ, ಒಬ್ಬ ದಡ್ಡ ವಿದ್ಯಾರ್ಥಿಯ ಪರಿಚಯವಿದ್ದರೆ ಸಾಕು. ಈ ಮಸೂದೆ ಪಾಸಾದರೆ ಸದನದಾಚೆ ಇರುವ ಜನರೆಲ್ಲ ಫೇಲು. ನಮ್ಮ ಬಹುಮತವಾದರೋ ಬಹಳ ಬಡಕಲು. ನಮ್ಮವರೇ ನಾಲ್ಕು ಜನ ಆ ಕಡೆ ನಡೆದರೆ ಮಸೂದೆ ಬೀಳುತ್ತದೆ. ಮೂವರು ಸಿಕ್ಕಿದ್ದಾರೆ. ನಾಲ್ಕನೆಯವನು ನಿನ್ನ ತಮ್ಮ. ಪಕ್ಷಕ್ಕೆ ಆಘಾತ ಕೊಡಲು ಹೊರಟವನಿಗೆ ತನಗೇ ಪಕ್ಷಾಘಾತ ಬಡಿಯದಿದ್ದರೆ ಸಾಕು ಅಂತ ನಾನು ತಮಾಷೆ ಮಾಡಿದರೆ, ನನ್ನವಳು ನಗಲಿಲ್ಲ, ಬಿ.ಪಿ. ಮಾತ್ರೆ ತಂದು ಕೈಗಿಟ್ಟಳು.

ಮೂವರಲ್ಲಿ ಮೊದಲನೆಯವರು ಡಾಕ್ಟರಮ್ಮ. ಅದೇ, ನಿನ್ನ ಮಂಡಿ ನೋಡಿ ‘ತೂಕ ಇಳಿಸಿ’ ಅಂದು ನಿನ್ನ ಕೋಪಕ್ಕೆ ಗುರಿಯಾದವರು. ಪಕ್ಷದ ಸಭೆಯಲ್ಲೇ ಎದ್ದು ‘ನಾನು ಇದಕ್ಕೆ ಒಪ್ಪೋದಿಲ್ಲ’ ಅಂದು ಕೂತರು. ಮರುದಿನವೇ ಅವರ ಆಸನ ಕಂಬದ ಹಿಂದಕ್ಕೆ ಹೋಯಿತು, ಮೈಕು ಕೆಟ್ಟಿತು, ಕೊಠಡಿಯ ಬೀಗ ಬದಲಾಯಿತು. ಈಗ ಮೆಟ್ಟಿಲ ಮೇಲೆ ಕೂತು ಜನರ ಅರ್ಜಿ ತೆಗೆದುಕೊಳ್ಳುತ್ತಾರೆ, ಪಕ್ಕದಲ್ಲಿ ಫ್ಲಾಸ್ಕು. ನಾನು ಗತ್ತಿನಿಂದ ಹೋಗಿ ‘ನಾನು ನಿಮ್ಮ ಹಿಂದೆ ಇದ್ದೀನಿ’ ಅಂದೆ. ಆಯಮ್ಮ ಕಾಫಿ ಬಗ್ಗಿಸುತ್ತಲೇ, ‘ಹಿಂದೆ ಬೇಡ ಮೇಷ್ಟ್ರೇ, ಪಕ್ಕಕ್ಕೆ ಬನ್ನಿ. ಹಿಂದೆ ಇರೋರು ಇನ್ನೂ ಇದ್ದಾರಾ ಅಂತ ತಿರುಗಿ ತಿರುಗಿ ನೋಡಿ ನಂಗೆ ಕುತ್ತಿಗೆ ಹಿಡ್ಕೊಂಡಿದೆ’ ಅಂದರು. ಪಕ್ಕದಲ್ಲಿ ಕೂತೆ. ಆಚೀಚೆ ನೋಡಿಕೊಂಡೇ ಕೂತೆ.

ಈಗ ಕಳ್ಳತನಕ್ಕೆ ಬರುತ್ತೇನೆ. ನಮ್ಮ ಸದನದಲ್ಲಿ ಮತ ಹಾಕುವುದು ಕಾಲಿನಿಂದ. ಹೌದು ಅನ್ನುವವರು ಬಲಬಾಗಿಲಿನಿಂದ ಹೊರಗೆ ಹೋಗಬೇಕು, ಇಲ್ಲ ಅನ್ನುವವರು ಎಡಬಾಗಿಲಿನಿಂದ. ಹೊರಗೆ ಗುಮಾಸ್ತರು ತಲೆ ಎಣಿಸುತ್ತಾರೆ. ಬಲಬಾಗಿಲ ಬಳಿ ನಮ್ಮ ಮುಖ್ಯ ಸಚೇತಕರು ಮದುವೆ ಮನೆಯವರ ಹಾಗೆ ನಗುತ್ತಾ ನಿಂತಿರುತ್ತಾರೆ. ಎಡಬಾಗಿಲು ಭಾರದ್ದು, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ತೆರೆದಿಡಲು ಅಡಿಗೆ ಒಂದು ಬೆಣೆ ಸಿಕ್ಕಿಸುತ್ತಾರೆ. ಆ ಬೆಣೆಯನ್ನೇ ನಾನು ಕೋಟಿನ ಜೇಬಿಗೆ ಇಳಿಸಿದ್ದು. ಇಷ್ಟು ವರ್ಷ ಪಕ್ಷದಲ್ಲಿ ಬೆಣ್ಣೆ ಹಚ್ಚಿ ಬದುಕಿದವನು ಕೊನೆಗೆ ಬೆಣೆ ಕದ್ದ ಅಂತ ನೀನು ನಗಬಹುದು. ಮಾರನೇ ದಿನ ಬಾಗಿಲ ಕಾವಲಿನವನು ಬೆಂಚುಗಳ ಕೆಳಗೆ ಮಂಡಿಯೂರಿ ಹುಡುಕುತ್ತಿದ್ದ. ‘ಏನು ಕಳೀತಪ್ಪಾ?’ ಅಂತ ಕೇಳಿ ನಾನೂ ಬಗ್ಗಿ ಹುಡುಕಿದೆ! ಅವನು ಪೇಪರು ಮಡಚಿ ಇಟ್ಟು ನೋಡಿದ, ಜಾರಿತು. ಹೊಸ ಬೆಣೆಗೆ ಮೇಲಿನಿಂದ ಮಂಜೂರಾತಿ ಬರಬೇಕಂತೆ. ಅಷ್ಟು ಹೊತ್ತಿಗೆ ಪರಿಸ್ಥಿತಿ ಸುಧಾರಿಸಿದರೂ ಸುಧಾರಿಸೀತು. ಅಲ್ಲಿಯವರೆಗೆ ಬಾಗಿಲನ್ನು ಎರಡೂ ಕೈಯಲ್ಲಿ ತಳ್ಳಬೇಕು, ತಳ್ಳಿದರೆ ಕೀಲು ಕಿರುಚಿ ಇಡೀ ಸದನ ತಿರುಗಿ ನೋಡುತ್ತದೆ. ಯಾಕೆ ಕದ್ದೆ ಅನ್ನುತ್ತೀಯಾ? ಒಂದು ಐತಿಹಾಸಿಕ ದಿನದ ನೆನಪಿಗೆ ಇರಲಿ ಅಂತ. ಮುಂದೆ ನಿನ್ನ ಮೊಮ್ಮಗಳಿಗೆ ತೋರಿಸಿ, ನಿಮ್ಮಜ್ಜಿಯ ತಮ್ಮ ಈ ಬಾಗಿಲಿನಿಂದಲೇ ನಡೆದ ಅನ್ನಬಹುದು.

ಶನಿವಾರ ದೊಡ್ಡವರೇ ಮನೆಗೆ ಬಂದಿದ್ದರು, ಪಕ್ಷದ ಅಧ್ಯಕ್ಷರು. ನೀನು ಕೂರುವ ಕುರ್ಚಿಯಲ್ಲೇ ಕೂತರು. ಬಹಳ ಮೃದು ಮಾತು. ಹಲ್ಲು ನೋವು ವಿಚಾರಿಸಿದರು. ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ‘ನಿಮ್ಮ ಅಕ್ಕನ ಅಳಿಯ ವಿದ್ಯುತ್ ಇಲಾಖೇಲಲ್ವಾ? ಪಾಪ, ಒಳ್ಳೆ ಹುಡುಗ. ಚಿಕ್ಕ ಮಗು ಬೇರೆ ಇದೆ’ ಅಂದರು. ಅಷ್ಟೇ ಅಂದದ್ದು. ಇದನ್ನು ನಿನಗೆ ಹೇಳದೆ ನಾನು ಯಾವ ಬಾಗಿಲಿಗೂ ಹೋಗುವ ಹಾಗಿಲ್ಲ, ಅದಕ್ಕೇ ಬರೆದೆ. ಅಳಿಯಂದಿರಿಗೂ ಓದಿ ಹೇಳು. ಆದರೆ ನಾನೇನು ಸುಮ್ಮನಿದ್ದೆನೇ? ‘ಸ್ವಾಮೀ, ಗುರುವಾರ ನಾನು ಎಡಬಾಗಿಲಿನಿಂದಲೇ ಹೋಗೋದು. ಟಿಕೆಟ್ಟೂ ಬೇಡ, ನಿಮ್ಮ ಪಕ್ಷವೂ ಬೇಡ. ನಮ್ಮ ಮಕ್ಕಳ ತಂಟೆಗೆ ಬಂದ್ರೆ ಜೋಕೆ!’ ಅಂದುಬಿಟ್ಟೆ. ಒಂದು ಪದವೂ ತಡವರಿಸಲಿಲ್ಲ ಅಕ್ಕಾ. ಚಿಕ್ಕಂದಿನಲ್ಲಿ ಲೆಕ್ಕದ ಮೇಷ್ಟ್ರು ಮನೆಗೆ ಬಂದಾಗ ಕದದ ಹಿಂದೆ ನಿಂತು ‘ನಾನು ಮನೇಲಿಲ್ಲ, ಬೇಕಾದ್ರೆ ಹುಡುಕ್ಕೊಳ್ಳಿ’ ಅಂತ ಗರ್ಜಿಸಿದ ನಿನ್ನ ‘ಕದದ ಹುಲಿ’ ಈಗ ಕದ ಬಿಟ್ಟು ಈಚೆಗೆ ಬಂದಿದೆ.

ಅಂದಿನಿಂದ ಮನೆಯಲ್ಲಿ ಅಭ್ಯಾಸ ನಡೆದಿದೆ. ಅಡುಗೆಮನೆ ಬಾಗಿಲು ಬಲ, ಹಿತ್ತಿಲ ಬಾಗಿಲು ಎಡ. ನಡುವೆ ಕೂತಿರುತ್ತೇನೆ, ಗಂಟೆ ಹೊಡೆದ ಹಾಗೆ ಎದ್ದು ಹಿತ್ತಿಲಿಗೆ ನಡೆಯುತ್ತೇನೆ. ನನ್ನವಳು, ‘ಮತ ಹಾಕೋದಾದ್ರೆ ಹಾಕಿ ಹೊರಗಿರಿ, ಇಲ್ಲಾ ಒಳಗಿರಿ. ಬಾಗಿಲು ತೆಗೆದೂ ತೆಗೆದೂ ಸೊಳ್ಳೆ ತುಂಬಿದ್ವು’ ಅಂತಾಳೆ. ಅವಳು ಸಚೇತಕಿಯಾಗಿದ್ದರೆ ಈ ಮಸೂದೆ ಸದನದ ತನಕ ಬರುತ್ತಲೇ ಇರಲಿಲ್ಲ.

ಕೊರಿಯರ್ ಅಂಗಡಿ ಮುಚ್ಚುವುದರೊಳಗೆ ಇದನ್ನು ಹಾಕಬೇಕು. ಮಗಳಿಗೆ, ಅಳಿಯಂದಿರಿಗೆ ನೆನಪು ಹೇಳು. ಪುಟ್ಟಿಯ ಹೊಸ ಹಲ್ಲಿಗೆ ನನ್ನ ಹಳೆಯ ಹಲ್ಲಿನ ಆಶೀರ್ವಾದ. ನೀನು ನನ್ನ ತಲೆಯ ಮೇಲೆ ಕೈ ಇಟ್ಟೆ ಅಂದುಕೊಳ್ಳುತ್ತೇನೆ.

ನಿನ್ನ ತಮ್ಮ,
(ಮಾಜಿ) ಕದದ ಹುಲಿ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ದೊಡ್ಡವರಿಗೆ ಅಷ್ಟೆಲ್ಲ ಹೇಳಿದ್ದು ನಿಜ. ಆದರೆ ಅವರ ಕಾರು ಬೀದಿಯ ತಿರುವು ದಾಟಿದ ಮೇಲೆ, ಮುಂಬಾಗಿಲ ಹಿಂದೆ ನಿಂತು ಹೇಳಿದ್ದು. ಕೇಳಿಸಿಕೊಂಡವಳು ನನ್ನವಳೊಬ್ಬಳೇ. ಬೆಣೆ ಕದ್ದದ್ದೂ ನೆನಪಿಗಲ್ಲ. ಬಾಗಿಲು ಮುಚ್ಚಿದ್ದರೆ, ‘ಏನು ಮಾಡಲಿ ಅಕ್ಕಾ, ಎಡಬಾಗಿಲು ಹಾಕಿತ್ತು, ನೂಕುನುಗ್ಗಲಲ್ಲಿ ಬಲಗಡೆ ಹೋಗಿಬಿಟ್ಟೆ’ ಅಂತ ನಿನಗೆ ಬರೆಯಬಹುದಲ್ಲ, ಅದಕ್ಕೆ. ವಾಕ್ಯ ಆಗಲೇ ಸಿದ್ಧವಿತ್ತು. ಬೆಣೆಯನ್ನು ಇದರ ಜೊತೆಯಲ್ಲೇ ಕಳಿಸುತ್ತಿದ್ದೇನೆ, ಸದನದ ಪ್ರೇಕ್ಷಕರ ಗ್ಯಾಲರಿಯ ಪಾಸೂ ಇದೆ. ಅಳಿಯಂದಿರು ಬೇಡ ಅಂದರೆ ಬರಬೇಡ, ನನಗೆ ಅರ್ಥವಾಗುತ್ತದೆ. ಹೂಂ ಅಂದರೆ ಬುಧವಾರದ ಬಸ್ಸು ಹತ್ತು. ಬೆಣೆಯನ್ನು ಬಾಗಿಲ ಕಾವಲಿನವನ ಕೈಗೆ ನೀನೇ ಕೊಡು. ನನಗೆ ಕೊಟ್ಟರೆ ಮತ್ತೆ ಜೇಬಿಗೆ ಇಳಿಸಿಯೇನು. ಆಮೇಲೆ ನನಗೆ ಕಾಣುವ ಹಾಗೆ ಮುಂದಿನ ಸಾಲಿನಲ್ಲಿ ಕೂತಿರು. ಗ್ಯಾಲರಿಗೆ ಮೆಟ್ಟಿಲು ಜಾಸ್ತಿ, ಗೊತ್ತು. ಆದರೆ ನಿನ್ನ ಮಂಡಿ ಬರೀ ನೋಯುತ್ತದೆ ಅಕ್ಕಾ, ನನ್ನದು ನಡುಗುತ್ತದೆ.