ಎಡ ಭುಜ ಅರ್ಧ ಇಂಚು ಕೆಳಗೆ

ಹೊಲಿಗೆಯಂಗಡಿಯಿಂದ,
ಮಂಗಳವಾರ, ಮೂರನೇ ತಾರೀಖು

ಮುದ್ದಿನ ಸೊಸೆಗೆ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಕಳೆದ ಸಲ ನೋಡಲು ಬಂದಾಗ ಜಾಲರಿಯ ಆಚೆ ಕೆಮ್ಮುತ್ತಲೇ "ಏನಿಲ್ಲ ಅತ್ತೆ, ಧೂಳು" ಅಂದೆ. ಸುಳ್ಳು ಹೇಳುವುದರಲ್ಲಿ ನೀನು ಯಾವತ್ತೂ ಪಳಗಲಿಲ್ಲ. ನನ್ನ ಮಂಡಿನೋವು ತನ್ನ ಪಾಡಿಗೆ ತಾನಿದೆ. ನಿನ್ನ ಮಗಳು ಚೆನ್ನಾಗಿದ್ದಾಳೆ. ಗುಂಡಿಯ ಡಬ್ಬಿ ಬಿಟ್ಟು ಏಳುವುದಿಲ್ಲವೆಂದು ನಾನಿಟ್ಟ 'ಗುಂಡಿ' ಎಂಬ ಹೆಸರೇ ಈಗ ಶಾಲೆಯಲ್ಲೂ ನಡೆಯುತ್ತಿದೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತು ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಿಮ್ಮ ಜೈಲಿನ ಹೆಂಗಸರಿಗೆ ಅಂಗಿ ಹೊಲಿಯುವ ಕೆಲಸ ನನಗೆ ಸಿಕ್ಕಿ ಇಪ್ಪತ್ತೆಂಟು ವರ್ಷವಾಯಿತು. ಮೊದಲ ವರ್ಷ ಹದಿಮೂರು ಜನರ ಅಳತೆ ಕಳಿಸಿದ್ದರು. ಆಮೇಲೆ ವರ್ಷದಿಂದ ವರ್ಷಕ್ಕೆ ಪಟ್ಟಿ ಉದ್ದವಾಗುತ್ತಾ ಇನ್ನೂರು ದಾಟಿತು. ಎರಡನೇ ಮಿಷನ್ನು ತಂದೆ, ಗುಂಡಿ ತೂರುವ ಕಾಜಾ ಹಾಕಲು ಪಕ್ಕದ ಮನೆಯಾಕೆಯನ್ನು ಕರೆದೆ, ಕೈತುಂಬ ಕೆಲಸ ಎಂದು ಹಿಗ್ಗಿದೆ. ಇಷ್ಟೊಂದು ಹೆಂಗಸರು ಹೇಗೆ ಕೆಟ್ಟರು ಎಂದು ಒಂದು ದಿನವೂ ಯೋಚಿಸಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಮಗ ನಿನ್ನ ಹೆಸರಿನಲ್ಲಿ ಗೋದಾಮು ಹಿಡಿದು, ಕದ್ದ ಮಾಲು ತುಂಬಿ, ಪರಾರಿಯಾದ. ಕೈಗೆ ಸಿಕ್ಕವಳು ನೀನು. ನಿನ್ನ ಕೋಣೆಯವರ ಬಗ್ಗೆ ನೀನೇ ಬರೆದಿದ್ದೆ: ಒಬ್ಬಳು ಮಗುವಿಗೆ ಹಾಲಿನ ಪುಡಿ ಕದ್ದವಳು, ಇನ್ನೊಬ್ಬಳು ಒಳಗೇನಿದೆ ಎಂದು ಕೇಳದೆ ಗಂಡನ ಚೀಲ ಹೊತ್ತವಳು. ಆಗ ನನಗೆ ಅರ್ಥವಾಯಿತು. ಹೆಂಗಸರು ಕೆಟ್ಟಿರಲಿಲ್ಲ, ಅವರನ್ನು ಒಳಗೆ ಹಾಕುವುದು ಸುಲಭವಾಗಿತ್ತು.

ಪಟ್ಟಿಯಲ್ಲಿ ಯಾರ ಹೆಸರೂ ಇರುವುದಿಲ್ಲ, ಬರೀ ಅಳತೆ. ಆದರೆ ಚಿಕ್ಕಂದಿನಲ್ಲಿ ಬಿದ್ದು ಮುರಿದುಕೊಂಡ ನಿನ್ನ ಎಡ ಭುಜ ಅರ್ಧ ಇಂಚು ಕೆಳಗಿದೆ, ಹಾಗೆ ಇನ್ನೊಬ್ಬರದಿಲ್ಲ. ಪ್ರತಿ ವರ್ಷ ಆ ಸಾಲು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು, ನಿನ್ನ ಅಂಗಿಯನ್ನು ಬೇರೆಯಾಗಿ ಕತ್ತರಿಸುತ್ತಿದ್ದೆ. "ನಂದು ಮಾತ್ರ ಭುಜ ಜಾರೋದೇ ಇಲ್ಲ" ಎಂದು ನೀನು ಬೆರಗಾಗಿದ್ದೆಯಲ್ಲ, ಕಾರಣ ಇದು.

ಎರಡು ವರ್ಷದಿಂದ ಪಟ್ಟಿ ಇಳಿಯುತ್ತಿದೆ. ನಿನ್ನೆ ಬಂದದ್ದರಲ್ಲಿ ತೊಂಬತ್ತೊಂದೇ ಸಾಲು. ಮೂರು ಸಲ ಓದಿದೆ, ನಿನ್ನ ಸಾಲಿಲ್ಲ. ನಿನ್ನ ಕೆಮ್ಮು ನೆನಪಾಯಿತು. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಜೈಲು ಇಲಾಖೆಯ ಉಗ್ರಾಣಕ್ಕೆ ಓಡಿದೆ. ಅಲ್ಲಿನ ಗುಮಾಸ್ತ ಚಹಾ ಕುಡಿಯುತ್ತಿದ್ದವನು ನನ್ನನ್ನು ಮೇಲೆ ಕೆಳಗೆ ನೋಡಿ, "ಬಿಡುಗಡೆ ಆಗೋರಿಗೆ ಹೊಸ ಬಟ್ಟೆ ಯಾಕಮ್ಮಾ?" ಅಂದ. ಎರಡು ವರ್ಷದ ಹಿಂದೆ ಬಂದ ನಿಯಮದಲ್ಲಿ, ಸಣ್ಣ ತಪ್ಪಿಗೆ ಒಳಗಿರುವ ಹೆಂಗಸರು ಉಳಿದ ಶಿಕ್ಷೆಯನ್ನು ಮನೆಯಲ್ಲೇ ಇದ್ದು ಕಳೆಯಬಹುದಂತೆ, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಿದರೆ ಸಾಕಂತೆ. ಅವನು ತೋರಿಸಿದ ಬಿಡುಗಡೆಯ ಕಾಗದದಲ್ಲಿ ನಿನ್ನ ಹೆಸರು ಏಳನೆಯದು, ಇದೇ ಇಪ್ಪತ್ತನೇ ತಾರೀಖಿಗೆ. ಅವನ ಸ್ಟೂಲಿನ ಮೇಲೆಯೇ ಕೂತು ಅತ್ತುಬಿಟ್ಟೆ. ಹೋದ ಜೀವ ಬಂದಂತಾಯಿತು ಮಗಳೇ. ಪಾಪ, ಅವನು ಕೆಲಸ ಕಡಿಮೆಯಾಯಿತೆಂದು ಅಳುತ್ತಿದ್ದೇನೆ ಅಂದುಕೊಂಡು ಸಮಾಧಾನ ಮಾಡಿ, ತನ್ನ ಚಹಾವನ್ನೇ ಕೊಟ್ಟ. ಕಡಿಮೆಯಾಗಲಿ, ಇನ್ನೂ ಕಡಿಮೆಯಾಗಲಿ. ಶಾಲೆ ಮಕ್ಕಳ ಅಂಗಿ ಹೊಲಿದುಕೊಂಡಿರುತ್ತೇನೆ.

ಇಪ್ಪತ್ತನೇ ತಾರೀಖು ಬೆಳಿಗ್ಗೆಯಿಂದಲೇ ನಾನೂ ಗುಂಡಿಯೂ ಗೇಟಿನ ಹೊರಗೆ ನಿಂತಿರುತ್ತೇವೆ. ನಿನಗೊಂದು ಹಳದಿ ಅಂಗಿ ಕತ್ತರಿಸಿದ್ದೇನೆ. ಅದಕ್ಕೆ ಗುಂಡಿಗಳನ್ನು ಆರಿಸಿದವಳು ನಿನ್ನ ಮಗಳು, ಐದಕ್ಕೆ ಐದು ಬಣ್ಣ. ನಗಬೇಡ, ಹಾಕಿಕೋ. ಅಲ್ಲಿಯವರೆಗೆ ಬಿಸಿನೀರು ಕುಡಿ, ಯಾರೊಂದಿಗೂ ಜಗಳಕ್ಕೆ ಹೋಗಬೇಡ. ನಿನ್ನ ಕೋಣೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳು.

ದಾರಿ ಕಾಯುತ್ತಿರುವ
ನಿನ್ನ ಅತ್ತೆ

ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಹೋದ ವಾರ ನನ್ನ ಮಗ ಬಂದಿದ್ದ. ತನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದು, ಏನೂ ಆಗಿಲ್ಲವೆಂಬಂತೆ ಕೂತಿದ್ದ. ಹೆತ್ತ ಕರುಳು ಕೇಳಲಿಲ್ಲ, ಊಟ ಹಾಕಿದೆ. ಅವನು ಉಂಡು ಮಲಗಿದ ಮೇಲೆ ಠಾಣೆಗೆ ಹೋಗಿ ಹೇಳಿಬಂದೆ. ಕರೆದುಕೊಂಡು ಹೋದರು. ಅವನ ಕೀಲಿ ನನ್ನ ಬಳಿ ಇದೆ, ನಿನ್ನ ಹಳದಿ ಅಂಗಿಯ ಜೇಬಿನಲ್ಲಿ ಹಾಕಿಟ್ಟಿರುತ್ತೇನೆ. ಅವತ್ತು ಮನೆ ಬಾಗಿಲು ನೀನೇ ತೆಗೆ.